‘ಮನೆಮಂದಿ’ ಗುಂಪಿನಲ್ಲಿ ಪ್ರಿಂಟರ್ ಪಂಚಾಯಿತಿ

ಭಾವ: (ಚಿತ್ರ) ಅತ್ತೆಯವರ ಮನೆಗೆ ಈ ಪ್ರಿಂಟರ್ ತರಿಸೋಣವೇ? ಕಪ್ಪು-ಬಿಳುಪು ಲೇಸರ್, ನಿಮಿಷಕ್ಕೆ 30 ಪುಟ. ಬೆಲೆಯೂ ಕೈಗೆಟಕುವಂತಿದೆ. ರಿಯಾಯಿತಿ ಇಂದು ರಾತ್ರಿಯವರೆಗೆ ಮಾತ್ರ.

ತಮ್ಮ: 👍

ಅಕ್ಕ: ಕಪ್ಪು-ಬಿಳುಪೇ? ಪುಟ್ಟಿಯ ಶಾಲೆಯ ನಕ್ಷೆಗಳಿಗೆ ಬಣ್ಣ ಬೇಡವೇ? ಇಂಕ್ ಟ್ಯಾಂಕ್ ತೆಗೆದುಕೊಂಡರೆ ಎರಡೂ ಆಗುತ್ತದೆ.

ತಮ್ಮ: ನೀವಿಬ್ಬರೂ ಮನೆಯಲ್ಲೇ ಮಾತಾಡಿಕೊಂಡು ಗುಂಪಿಗೆ ಬರಬಾರದೇ?

ನಾನು: ಭಾವ, ಅಮ್ಮ ಒಮ್ಮೆಗೆ ತೆಗೆಯುವುದು ಒಂದು ಹಾಳೆ, ಹೆಚ್ಚೆಂದರೆ ಎರಡು. ನಿಮಿಷಕ್ಕೆ ಮೂವತ್ತಾದರೇನು, ಮುನ್ನೂರಾದರೇನು? ಆ ಲೆಕ್ಕ ಯಂತ್ರ ಓಟ ಹಿಡಿದ ಮೇಲಿನದು. ಮೊದಲ ಪುಟ ಹೊರಬರಲು ಎಷ್ಟು ಹೊತ್ತು ಎಂಬುದನ್ನು ಬೇರೆಯಾಗಿ ಬರೆದಿರುತ್ತಾರೆ. ಅಳೆಯುವ ಮಾನದಂಡಗಳೂ ಬೇರೆ ಬೇರೆ: ವೇಗಕ್ಕೆ ಐಎಸ್‌ಒ/ಐಇಸಿ 24734, ಮೊದಲ ಪುಟಕ್ಕೆ 17629.

ಭಾವ: ಅದೂ ಇಲ್ಲಿದೆ. 8.5 ಸೆಕೆಂಡು. ಇನ್ನೇನು ಬೇಕು?

ನಾನು: ಪಕ್ಕದಲ್ಲಿ ನಕ್ಷತ್ರದ ಗುರುತು ಇದೆಯೇ? ಕೆಳಗಿನ ಸಣ್ಣ ಅಕ್ಷರಗಳನ್ನು ಓದಿ.

ಭಾವ: “ಸಿದ್ಧ ಸ್ಥಿತಿಯಿಂದ”.

ನಾನು: ನೋಡಿದಿರಾ. ಸಿದ್ಧ ಸ್ಥಿತಿ ಎಂದರೆ ಎಚ್ಚರವಾಗಿ ಕಾಯುತ್ತಿರುವ ಯಂತ್ರ. ಮನೆಯ ಪ್ರಿಂಟರ್ ಕೆಲಸವಿಲ್ಲದೆ ಕೆಲವೇ ನಿಮಿಷ ಕಳೆದರೆ ಸ್ಲೀಪ್‌ಗೆ ಜಾರುತ್ತದೆ. ನಮಗೆ ಬೇಕಾದುದು “ಸ್ಲೀಪ್‌ನಿಂದ ಮೊದಲ ಪುಟ”. ಜಾಹೀರಾತಿನಲ್ಲಿ ಇಲ್ಲದಿದ್ದರೆ ತಯಾರಕರ ಪೂರ್ಣ ವಿವರಪಟ್ಟಿಯಲ್ಲಿ ಹುಡುಕಿ. ಅಲ್ಲಿಯೂ ಇಲ್ಲದ ಮಾದರಿಯನ್ನು ನಾನಂತೂ ಕೊಳ್ಳುವುದಿಲ್ಲ.

ಅಮ್ಮ: ನನಗೆ ಬೇಕಾದುದು ಇಷ್ಟೇ ಅಳಿಯಂದಿರೇ. ಆಸ್ಪತ್ರೆಗೆ ಹೊರಟು ನಿಂತಾಗ ಪರೀಕ್ಷೆಯ ವರದಿ ಕೈಗೆ ಬರಬೇಕು. ಈಗಿರುವುದು ಗುರುಗುಟ್ಟುತ್ತದೆ, ಸುಮ್ಮನಾಗುತ್ತದೆ, ಮತ್ತೆ ಗುರುಗುಟ್ಟುತ್ತದೆ. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತೇನೆ. ಕೊನೆಗೆ ಬಂದ ಹಾಳೆಯಲ್ಲಿ ಅಡ್ಡಡ್ಡ ಬಿಳಿ ಗೆರೆ.

ಅಕ್ಕ: ಅದು ಹಳೆಯದಾಯಿತಮ್ಮ. ಇಂಕಿನ ಪ್ರಿಂಟರ್‌ಗೆ ಬಿಸಿಯಾಗುವ ಗೋಜೇ ಇಲ್ಲ. ಲೇಸರ್‌ಗಿಂತ ಬೇಗ ಏಳಬೇಕು.

ನಾನು: ದಿನವೂ ಬಳಸುವವರಿಗೆ ನೀನು ಹೇಳಿದ್ದು ಸರಿ ಅಕ್ಕ. ವಾರಗಟ್ಟಲೆ ಮುಟ್ಟದಿದ್ದರೆ ಕೂದಲೆಳೆಗಿಂತ ಸಣ್ಣ ರಂಧ್ರಗಳಲ್ಲಿ ಇಂಕು ಒಣಗುತ್ತದೆ. ಆಮೇಲೆ ಮುದ್ರಿಸಲು ಹೇಳಿದಾಗ ಅದು ಮೊದಲು ತನ್ನ ಹೆಡ್, ಅಂದರೆ ಆ ರಂಧ್ರಗಳಿಂದ ಇಂಕು ಚಿಮ್ಮಿಸುವ ಭಾಗವನ್ನು, ತೊಳೆದುಕೊಳ್ಳುತ್ತದೆ. ಅಮ್ಮ ಕೇಳುತ್ತಿರುವ ಗುರುಗುಟ್ಟುವಿಕೆ ಅದೇ ಇರಬೇಕು. ತೊಳೆದ ಇಂಕು ಒಳಗಿನ ಪ್ಯಾಡಿಗೆ ಹೋಗಿ ಸೇರುತ್ತದೆ, ಅಂದರೆ ದುಡ್ಡು ಕೊಟ್ಟು ಕೊಂಡ ಇಂಕು ಹಾಳೆಗೇ ತಾಗದೆ ಹೋಯಿತು. ಅಂದ ಹಾಗೆ, ರಾತ್ರಿ ಪ್ರಿಂಟರ್ ಆರಿಸುವವರು ಯಾರು?

ಅಮ್ಮ: ಇನ್ನಾರು, ನಿಮ್ಮ ಚಿಕ್ಕಪ್ಪ. ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ.

ಚಿಕ್ಕಪ್ಪ: (ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ) ಎಚ್ಚರಿಕೆ!! ಸ್ಟ್ಯಾಂಡ್‌ಬೈಯಲ್ಲಿ ಬಿಟ್ಟ ಯಂತ್ರಗಳು ನಿಮ್ಮ ವಿದ್ಯುತ್ ಬಿಲ್ಲನ್ನು ದುಪ್ಪಟ್ಟು ಮಾಡುತ್ತಿವೆ!! ಎಲ್ಲರಿಗೂ ತಿಳಿಸಿ!!

ನಾನು: ಚಿಕ್ಕಪ್ಪ, ಸ್ಲೀಪ್‌ನಲ್ಲಿ 1 ವ್ಯಾಟ್ ಬಳಸುವ ಪ್ರಿಂಟರ್ ವರ್ಷವಿಡೀ ಹಾಗೆಯೇ ಬಿದ್ದಿದ್ದರೂ 8.76 ಯೂನಿಟ್ ಆಗುತ್ತದೆ. ನೀವೇ ಗುಣಿಸಿ ನೋಡಿ. ಮೇಲಾಗಿ ಇಂಕಿನ ಪ್ರಿಂಟರ್ ತನ್ನ ಗುಂಡಿಯಿಂದ ಆರಿದರೆ ಹೆಡ್ಡನ್ನು ಮೂಲೆಗೆ ಒಯ್ದು ಮುಚ್ಚಳ ಹಾಕಿಕೊಳ್ಳುತ್ತದೆ. ನಡುವೆ ಗೋಡೆಯ ಸ್ವಿಚ್ ಆರಿಸಿದರೆ ಅದಕ್ಕೆ ಸಮಯವೇ ಸಿಗದಿರಬಹುದು. ಪ್ರತಿ ಬಾರಿ ಹೊಸದಾಗಿ ಹೊತ್ತಿಸಿದಾಗ ತಪಾಸಣೆ ಮೊದಲಿನಿಂದ ಶುರು, ಎಷ್ಟೋ ಮಾದರಿಗಳಲ್ಲಿ ಶುಚಿಯೂ ಸೇರಿ.

ಚಿಕ್ಕಪ್ಪ: ಹಾಗಾದರೆ ಎಲ್ಲ ತಪ್ಪೂ ನನ್ನ ತಲೆಗೆ. ಲೇಸರ್ ತಂದರೆ ಅದು ಕರೆಂಟು ತಿನ್ನುವುದಿಲ್ಲವೇ?

ನಾನು: ತಿನ್ನುತ್ತದೆ, ಆದರೆ ಹೆಚ್ಚಾಗಿ ಮುದ್ರಿಸುವ ಹೊತ್ತಿನಲ್ಲಿ. ಲೇಸರ್‌ನಲ್ಲಿರುವುದು ಟೋನರ್ ಎಂಬ ಪುಡಿ. ಅದನ್ನು ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕಾಗದಕ್ಕೆ ಒತ್ತುತ್ತದೆ. ಹಳೆಯ ಯಂತ್ರಗಳಲ್ಲಿ ದಪ್ಪ ಲೋಹದ ರೋಲರ್, ಅದರೊಳಗೆ ಹ್ಯಾಲೊಜೆನ್ ದೀಪ. ಇಡೀ ರೋಲರ್ ಕಾಯುವವರೆಗೂ ಕಾಯಬೇಕಿತ್ತು. ಈಗಿನ ಎಷ್ಟೋ ಸಣ್ಣ ಲೇಸರ್‌ಗಳಲ್ಲಿ ತೆಳು ಫಿಲ್ಮ್‌ನ ಕೊಳವೆ, ಒಳಗೆ ಪುಟ್ಟ ಸೆರಾಮಿಕ್ ಹೀಟರ್. ಬಿಸಿಯಾಗಬೇಕಾದ ವಸ್ತುವೇ ಕಡಿಮೆ, ಹಾಗಾಗಿ ಕೆಲವೇ ಸೆಕೆಂಡಿನಲ್ಲಿ ಕಾಯುತ್ತದೆ. ಪುಡಿ ಒಣಗುವ ಪ್ರಶ್ನೆಯಂತೂ ಇಲ್ಲ, ತಿಂಗಳು ಬಿಟ್ಟು ಕೇಳಿದರೂ ಅದೇ ಅಚ್ಚು. ಆದರೆ ಕಾಯುವ ಕ್ಷಣದಲ್ಲಿ ನೂರಾರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಮಾತ್ರ ಸಿಕ್ಕಿಸಬೇಡಿ.

ತಮ್ಮ: ಪ್ರಿಂಟರ್ ಬೇಗ ಎದ್ದರೂ ಮೊಬೈಲಿಗೆ ಅದು ಕಾಣಿಸಬೇಕಲ್ಲ? ನಮ್ಮ ಮನೆಯದು ವೈಫೈಯಲ್ಲಿ “ಆಫ್‌ಲೈನ್” ಎಂದು ಹಟ ಹಿಡಿಯುತ್ತದೆ.

ನಾನು: ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಬೇರೆ, ತಾನಾಗಿ ಆರಿಹೋಗುವ ಆಟೋ ಆಫ್ ಬೇರೆ. ಸ್ಲೀಪ್‌ನಲ್ಲಿದ್ದದ್ದನ್ನು ವೈಫೈಯಿಂದ ಎಬ್ಬಿಸಬಹುದು, ಪೂರ್ತಿ ಆರಿದ್ದನ್ನು ಎದ್ದು ಹೋಗಿ ಗುಂಡಿ ಒತ್ತಿಯೇ ಎಬ್ಬಿಸಬೇಕು. ಮೊದಲು ಆಟೋ ಆಫ್ ತೆಗೆದುಹಾಕು. ಆಮೇಲೂ ಹಟ ಮಾಡಿದರೆ ರೂಟರ್‌ನಲ್ಲಿ ಪ್ರಿಂಟರ್‌ಗೆ ಒಂದು ಖಾಯಂ ಐಪಿ ವಿಳಾಸ ಕೊಡು. ಅಮ್ಮನ ಕಂಪ್ಯೂಟರ್ ಪಕ್ಕದಲ್ಲೇ ಇದೆ, ಅಲ್ಲಿಗೆ ಯುಎಸ್‌ಬಿ ತಂತಿಯೇ ಸಾಕು.

ಅಕ್ಕ: ನನ್ನ ನಕ್ಷೆಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಭಾವ: ಬಣ್ಣದ ಲೇಸರ್ ನೋಡಲೇ?

ನಾನು: ಅದಕ್ಕೆ ನಾಲ್ಕು ಟೋನರ್. ಒಂದು ಸುತ್ತು ಬದಲಾಯಿಸುವಾಗ ಯಂತ್ರದ ಬೆಲೆಯೇ ನೆನಪಾಗುತ್ತದೆ. ಅಕ್ಕ, ನಕ್ಷೆ ಪುಟ್ಟಿಯದು, ಇದು ಅಮ್ಮನ ಮನೆಯ ಪ್ರಿಂಟರ್. ನಿಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಬಣ್ಣದ ಹಾಳೆ ಬೇಕಾಗುತ್ತದಾದರೆ ಇಂಕ್ ಟ್ಯಾಂಕ್ ನಿಮಗೇ ಸರಿ. ಹಾಳೆಗೆ ಬೀಳುವ ಖರ್ಚೂ ಕಡಿಮೆ.

ಅಕ್ಕ: ಅಂದರೆ ಎರಡು ಪ್ರಿಂಟರ್ ಕೊಳ್ಳಿ ಎನ್ನುತ್ತೀಯ. ಇದೇನು ಮಿತವ್ಯಯವೋ!

ಚಿಕ್ಕಪ್ಪ: ಇದನ್ನೇ ನಾನೂ ಕೇಳಬೇಕೆಂದಿದ್ದೆ.

ಅಮ್ಮ: ನನಗೆ ಬಣ್ಣ ಬೇಡ. ವರದಿಯಲ್ಲಿ ಅಂಕಿ ಕಂಡರೆ ಸಾಕು.

ಭಾವ: ತೀರ್ಪು ಬಂತು. ವಿವರಪಟ್ಟಿ ತೆರೆದೆ. ನಾನು ಹಾಕಿದ ಮಾದರಿಯಲ್ಲಿ ಸ್ಲೀಪ್‌ನಿಂದ ಎಷ್ಟು ಎಂದೇ ಬರೆದಿಲ್ಲ. ಅದರ ಪಕ್ಕದ್ದು ನಿಮಿಷಕ್ಕೆ 20 ಪುಟವಷ್ಟೇ, ಆದರೆ ಸ್ಲೀಪ್‌ನಿಂದ ಸುಮಾರು 10 ಸೆಕೆಂಡು ಎಂದು ಸ್ಪಷ್ಟವಾಗಿದೆ. ಬೆಲೆಯೂ ಸ್ವಲ್ಪ ಕಡಿಮೆ.

ನಾನು: ಅದೇ ಇರಲಿ. ಜೊತೆಗೆ ಬರುವ ಟೋನರ್ ಎಷ್ಟು ಪುಟಕ್ಕೆ, ಆಮೇಲೆ ಕೊಳ್ಳುವುದು ಎಷ್ಟು ಪುಟಕ್ಕೆ, ಅದನ್ನೂ ನೋಡಿಬಿಡಿ. ಪೆಟ್ಟಿಗೆಯಲ್ಲಿ ಬರುವುದು ಸಾಮಾನ್ಯವಾಗಿ ಪೂರ್ತಿ ತುಂಬಿರುವುದಿಲ್ಲ. ಬೇರೆ ಕಂಪನಿಯ ಟೋನರ್ ಹಾಕಿದರೆ ಚಿಪ್ ತಡೆಯುತ್ತದೆಯೇ ಎಂಬುದನ್ನೂ.

ಭಾವ: ನೋಡಿದೆ, ಒಪ್ಪಿಗೆ. ಆರ್ಡರ್ ಮಾಡಿದೆ. ಯುಎಸ್‌ಬಿ ತಂತಿ ಮಾತ್ರ ಜೊತೆಗೆ ಬರುವುದಿಲ್ಲವಂತೆ. ಯಾರ ಬಳಿಯಾದರೂ ಇದೆಯೇ?

ತಮ್ಮ: ಹಳೆಯದರ ಬೆನ್ನಿಗೇ ಸಿಕ್ಕಿಕೊಂಡಿದೆ ಭಾವ, ಅದೇ ಆಗುತ್ತದೆ.