ಸಿಬಿಲ್ ಸ್ಕೋರ್ 612 ಇದೆ, ಕ್ರೆಡಿಟ್ ಕಾರ್ಡ್ ಸಿಗುತ್ತಾ? ಅನುಭವ ಇದ್ದವರು ದಯವಿಟ್ಟು ಹೇಳಿ

ಪ್ರಶ್ನೆ

ಊರು ಶಿವಮೊಗ್ಗ, ಕೆಲಸ ಬೆಂಗಳೂರಲ್ಲಿ. ಕೈಗೆ ಬರೋ ಸಂಬಳ 38 ಸಾವಿರ. ಕೋವಿಡ್ ಸಮಯದಲ್ಲಿ ಕೆಲಸ ಹೋಗಿ ಎಜುಕೇಶನ್ ಲೋನಿನ ಕೆಲವು ಕಂತು ಬಾಕಿ ಬಿದ್ದವು. ಅದೇ ಹೊತ್ತಲ್ಲಿ ಆ್ಯಪ್‌ನಲ್ಲಿ ತಗೊಂಡಿದ್ದ ಸಣ್ಣ ಸಾಲವನ್ನ ಸೆಟಲ್‌ಮೆಂಟ್ ಮಾಡ್ಕೊಂಡು ಮುಗಿಸಿದೆ. ಈಗ ಎಜುಕೇಶನ್ ಲೋನ್ ಕಂತು ತಪ್ಪದೆ ಹೋಗ್ತಿದೆ. ಆದ್ರೂ ಎರಡು ಬ್ಯಾಂಕಿನವರು ಕಾರ್ಡ್ ಅರ್ಜಿ ವಾಪಸ್ ಕಳಿಸಿದ್ರು. ಕಂಪನಿ ಕೆಲಸಕ್ಕೆ ಊರೂರು ಸುತ್ತಬೇಕು, ಹೋಟೆಲ್ ಬುಕಿಂಗ್‌ಗೆ ಕಾರ್ಡ್ ಬೇಕೇ ಬೇಕು. ಮೂರನೇ ಬ್ಯಾಂಕಲ್ಲಿ ಹಾಕಲಾ?

ತುಮಕೂರಿನಿಂದ

ಸದ್ಯಕ್ಕೆ ಹಾಕಬೇಡಿ. ಬ್ಯಾಂಕಿನ ಸಾಲ ವಿಭಾಗದಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು, ಇಂಥ ಅರ್ಜಿಗಳನ್ನ ದಿನಾ ನೋಡ್ತಿದ್ದೆ. ನೀವು ಅರ್ಜಿ ಹಾಕಿದಾಗೆಲ್ಲ ಬ್ಯಾಂಕು ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದ್ರೆ ಸಾಲ ಕಟ್ಟಿದ ಇತಿಹಾಸ, ತರಿಸುತ್ತೆ, ಅದು ‘ಎನ್‌ಕ್ವೈರಿ’ ಅಂತ ರಿಪೋರ್ಟಲ್ಲೇ ದಾಖಲಾಗುತ್ತೆ. ಸ್ವಲ್ಪ ದಿನದಲ್ಲೇ ಮೂರ್ನಾಲ್ಕು ಎನ್‌ಕ್ವೈರಿ ಕಂಡರೆ, ಇವರಿಗೆ ದುಡ್ಡಿನ ಅಡಚಣೆ ಇದೆ ಅಂತ ಮುಂದಿನ ಬ್ಯಾಂಕಿನವರು ಅಂದ್ಕೋತಾರೆ. ನಿಮ್ಮ ರಿಪೋರ್ಟನ್ನ ನೀವೇ ತೆಗೆದು ನೋಡಿದ್ರೆ ಸ್ಕೋರಿಗೆ ಏನೂ ಆಗಲ್ಲ, ಹೆದರಬೇಡಿ.

ಮೊದಲು ಅದನ್ನೇ ಮಾಡಿ. ನಮ್ಮಲ್ಲಿ ಈ ರಿಪೋರ್ಟ್ ಕೊಡೋ ಸಂಸ್ಥೆ ನಾಲ್ಕಿವೆ: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನ ನಾಲ್ಕೂ ಪುಕ್ಕಟೆ ಕೊಡಬೇಕು, ರಿಸರ್ವ್ ಬ್ಯಾಂಕಿನ ನಿಯಮ ಅದು. ಫೋನಿನ ಆ್ಯಪ್‌ನಲ್ಲಿ ಸ್ಕೋರ್ ಒಂದನ್ನೇ ನೋಡಿದ್ರೆ ಪ್ರಯೋಜನ ಇಲ್ಲ. 300ರಿಂದ 900ರೊಳಗೆ ನೀವು ಎಲ್ಲಿದ್ದೀರಿ ಅನ್ನೋದು ಗೊತ್ತಾಗುತ್ತೆ ಅಷ್ಟೇ, ಯಾಕೆ ಅಲ್ಲಿದ್ದೀರಿ ಅನ್ನೋದು ಗೊತ್ತಾಗಲ್ಲ.

ರಿಪೋರ್ಟಲ್ಲಿ ಒಂದೊಂದು ಸಾಲದ ಕೆಳಗೂ ತಿಂಗಳಿಗೊಂದು ಚೌಕ ಇರುತ್ತೆ. ಅದರಲ್ಲಿ 000 ಅಂತಿದ್ರೆ ಕಂತು ಸರಿಯಾಗಿ ಬಂದಿದೆ, 030 ಅಂತಿದ್ರೆ ಮೂವತ್ತು ದಿನ ಬಾಕಿ, 090 ಆದ್ರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಅಂಚಿಗೆ ಬಂದಿತ್ತು ಅಂತ. ನನ್ನ ಅನುಭವ ಹೇಳ್ತೀನಿ. ಹಳೇ ತಿಂಗಳುಗಳಲ್ಲಿ 030, 060 ಇದ್ದು, ಇತ್ತೀಚಿನ ಚೌಕಗಳೆಲ್ಲ 000 ಇದ್ರೆ ನಾವು ಅರ್ಜಿ ಮುಂದಕ್ಕೆ ಕಳಿಸ್ತಿದ್ವಿ. ಮನುಷ್ಯನಿಗೆ ಕಷ್ಟ ಬಂದಿತ್ತು, ಎದ್ದು ನಿಂತಿದ್ದಾನೆ ಅಂತ ಅರ್ಥ ಆಗ್ತಿತ್ತು. ಆದ್ರೆ ಖಾತೆಯ ಸ್ಥಿತಿ ಅನ್ನೋ ಕಡೆ ‘ಸೆಟಲ್ಡ್’ ಅಂತ ಕಂಡರೆ ಫೈಲು ಅಲ್ಲೇ ನಿಲ್ತಿತ್ತು. ಸಾಲ ಕೊಟ್ಟವರು ಒಂದಿಷ್ಟು ಅಸಲನ್ನೋ ಬಡ್ಡಿಯನ್ನೋ ಬಿಟ್ಟುಕೊಟ್ಟಿದ್ದಾರೆ ಅಂತ ಅದರರ್ಥ. ಹಾಗಾಗಿ ನಿಮ್ಮನ್ನ ಕಾಡ್ತಿರೋದು ಎಜುಕೇಶನ್ ಲೋನ್ ಅಲ್ಲ, ಆ ಆ್ಯಪ್ ಸಾಲ ಅಂತ ನನಗೆ ಅನ್ನಿಸುತ್ತೆ.

ಇದಕ್ಕೆ ದಾರಿ ಇದೆ. ಆ್ಯಪ್ ಹಿಂದೆ ಸಾಲ ಕೊಟ್ಟ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಸಾಲದ ಕಂಪನಿ) ಒಂದಿರುತ್ತೆ, ಅದರ ಹೆಸರು ರಿಪೋರ್ಟಲ್ಲಿ ಸಿಗುತ್ತೆ. ಅವರಿಗೆ ಇಮೇಲ್ ಮಾಡಿ: ಬಿಟ್ಟುಕೊಟ್ಟ ಮೊತ್ತ ಎಷ್ಟು, ಅದನ್ನ ಕಟ್ಟಿದ್ರೆ ಖಾತೆಯನ್ನ ‘ಕ್ಲೋಸ್ಡ್’ ಅಂತ ಬದಲಾಯಿಸ್ತೀರಾ ಅಂತ ಕೇಳಿ. ಉತ್ತರ ಬರವಣಿಗೆಯಲ್ಲಿ ಬರೋವರೆಗೂ ಒಂದು ರೂಪಾಯಿ ಕಟ್ಟಬೇಡಿ. ರಿಕವರಿಯವರು ಫೋನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಕಟ್ಟೋದಾದ್ರೆ ಸಾಲದ ಖಾತೆಗೇ ಕಟ್ಟಿ, ಯಾರದ್ದೋ ಯುಪಿಐಗೆ ಅಲ್ಲ. ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನೋ ನೋ ಡ್ಯೂಸ್ ಪತ್ರ ತಗೊಳ್ಳಿ.

ಇನ್ನೊಂದು ಮಾತು. ಕಾರ್ಡ್ ಅರ್ಜಿ ತಿರಸ್ಕರಿಸಿದ್ರೆ ನಿರ್ದಿಷ್ಟ ಕಾರಣವನ್ನ ಬರವಣಿಗೆಯಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿರ್ದೇಶನ ಇದೆ. ಆ ಎರಡು ಬ್ಯಾಂಕಿಗೂ ಕೇಳಿ, ಅದು ನಿಮ್ಮ ಹಕ್ಕು.

ಹುಬ್ಬಳ್ಳಿಯಿಂದ

ಮ್ಯಾಲೆ ಹೇಳಿದವರ ಮಾತು ಖರೇ ಐತ್ರಿ. ರಿಪೋರ್ಟ್ ತಗಸೂದು ಭಾಳ ಮುಖ್ಯ. ನನ್ನ ರಿಪೋರ್ಟ್‌ನ್ಯಾಗ ನಾ ಎಂದೂ ತಗೊಳ್ಳದ ಟೂ ವ್ಹೀಲರ್ ಸಾಲ ಕುಂತಿತ್ತು. ನನ್ನ ಹೆಸರೇ, ಹುಟ್ಟಿದ ತಾರೀಕೂ ಹತ್ರಹತ್ರ, ವಿಳಾಸ ಮಾತ್ರ ಬ್ಯಾರೆ ಜಿಲ್ಲಾದ್ದು. ಅವರ‍್ಯಾರೋ ಕಂತು ಕಟ್ಟಿಲ್ಲ, ಕಾರ್ಡ್ ಸಿಗಲಾರದಾಂಗ ಆಗಿದ್ದು ನನಗ.

ರಿಪೋರ್ಟ್ ಕೊಟ್ಟ ಸಂಸ್ಥಿಗೆ ಆನ್‌ಲೈನ್‌ನ್ಯಾಗ ಡಿಸ್ಪ್ಯೂಟ್ (ತಕರಾರು) ಹಾಕಿದೆ, ರೊಕ್ಕ ಏನೂ ಕೊಡೂದಿಲ್ಲ. ಪ್ಯಾನ್, ಆಧಾರ್ ಹಚ್ಚಿ, ಸಾಲ ಕೊಟ್ಟ ಕಂಪನಿಗೂ ಒಂದು ಪತ್ರ ಹಾಕಿದೆ. ಎರಡೂ ಕಡೆ ಹಾಕ್ರಿ, ಒಂದ ಕಡೆ ಹಾಕಿದ್ರ ಅವರು ಇವರ ಮ್ಯಾಲೆ, ಇವರು ಅವರ ಮ್ಯಾಲೆ ಹೇಳ್ತಾರ. 30 ದಿನದಾಗ ಬಗಿಹರೀಲಿಲ್ಲ ಅಂದ್ರ ಆಮ್ಯಾಲಿನ ಪ್ರತಿ ದಿನಕ್ಕ 100 ರೂಪಾಯಿ ಪರಿಹಾರ ಕೊಡಬೇಕಂತ ರೂಲ್ಸ್ ಐತಿ, 2024ರ ಏಪ್ರಿಲ್‌ನಿಂದ ಜಾರಿ ಆಗೇತಿ. ನನ್ನ ಪತ್ರದಾಗ ಆ ರೂಲ್ಸನ್ನೂ ಬರದಿದ್ದೆ. ಅಷ್ಟಕ್ಕೂ ಕೇಳ್ಲಿಲ್ಲ ಅಂದ್ರ ದೂರು ಕೇಳಾಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರ, 14448ಕ್ಕ ಫೋನ್ ಮಾಡಿದ್ರ ದಾರಿ ಹೇಳ್ತಾರ.

ಮಂಗಳೂರಿನಿಂದ

ಇದೆಲ್ಲ ಸರಿಯಾಗ್ಲಿಕ್ಕೆ ಸಮಯ ಹಿಡೀತದೆ. ನಿಮಗೆ ಕಾರ್ಡ್ ಬೇಕಾದ್ದು ಈಗ ಅಲ್ವಾ? ಹಾಗಾದ್ರೆ ಎಫ್‌ಡಿ ಮೇಲೆ ಕಾರ್ಡ್ ಮಾಡಿಸಿ. ನಾನು ಮಾಡಿದ್ದು ಅದನ್ನೇ. ಬ್ಯಾಂಕಿನಲ್ಲಿ ಒಂದು ಠೇವಣಿ ಇಡ್ಬೇಕು, ಅದರ ಮೇಲೆ ಅವರು ಲಿಯನ್ ಹಾಕ್ತಾರೆ. ಕಾರ್ಡ್ ಮುಚ್ಚುವವರೆಗೆ ಆ ಎಫ್‌ಡಿ ಮುರೀಲಿಕ್ಕೆ ಆಗುದಿಲ್ಲ, ಆದ್ರೆ ಬಡ್ಡಿ ಬರ್ತಾ ಇರ್ತದೆ. ಸ್ಟೇಟ್ ಬ್ಯಾಂಕಿನ ಎಫ್‌ಡಿ ಮೇಲೆ ಕೊಡುವ ಉನ್ನತಿ ಕಾರ್ಡಿಗೆ 25 ಸಾವಿರದ ಠೇವಣಿ ಸಾಕು. ಉಳಿದ ಬ್ಯಾಂಕುಗಳ ಲೆಕ್ಕ ಬೇರೆ ಬೇರೆ ಉಂಟು. ಠೇವಣಿಗಿಂತ ಲಿಮಿಟ್ ಸ್ವಲ್ಪ ಕಡಿಮೆ ಇರ್ತದೆ ಸಾಮಾನ್ಯವಾಗಿ. ಒಂದು ನೆನಪಿಡಿ, ಐದು ವರ್ಷದ ಟ್ಯಾಕ್ಸ್ ಸೇವಿಂಗ್ ಎಫ್‌ಡಿ ಇದಕ್ಕೆ ಆಗುದಿಲ್ಲ, ಅದನ್ನು ಅಡವಿಡ್ಲಿಕ್ಕೆ ಅವಕಾಶವೇ ಇಲ್ಲ.

ಇಂಥ ಕಾರ್ಡಿನ ವ್ಯವಹಾರವೂ ಸಿಬಿಲ್‌ಗೆ ಹೋಗ್ತದೆ, ಅದೇ ದೊಡ್ಡ ಲಾಭ. ಆದ್ರೆ ಬಳಸುವುದರಲ್ಲಿ ಹುಷಾರು. 20 ಸಾವಿರ ಲಿಮಿಟ್ ಇದ್ರೆ ಖರ್ಚು 6 ಸಾವಿರದ ಆಸುಪಾಸಿನಲ್ಲೇ ಇರ್ಲಿ. ಹೋಟೆಲ್ ಬಿಲ್ಲು ದೊಡ್ಡದಾಗಿ ಬಂದ ತಿಂಗಳು, ಸ್ಟೇಟ್‌ಮೆಂಟ್ ತಯಾರಾಗುವ ಮೊದಲೇ ಅರ್ಧ ಕಟ್ಟಿಬಿಡಿ, ಆಗ ಸಿಬಿಲ್‌ಗೆ ಸಣ್ಣ ಬಾಕಿ ಮಾತ್ರ ಹೋಗ್ತದೆ. ‘ಮಿನಿಮಮ್ ಡ್ಯೂ’ ಅಂತ ಬರೆದದ್ದನ್ನು ಮಾತ್ರ ಕಟ್ಟಿ ಕೂತ್ರೆ ತಿಂಗಳಿಗೆ ಶೇ. 3.5ರ ಹಾಗೆ ಬಡ್ಡಿ ಏರ್ತದೆ ಮಾರಾಯ್ರೇ, ವರ್ಷಕ್ಕೆ ನಲವತ್ತು ದಾಟ್ತದೆ! ಪೂರ್ತಿ ಮೊತ್ತಕ್ಕೆ ಆಟೋ ಡೆಬಿಟ್ ಇಡಿ.

ಮೈಸೂರಿನಿಂದ

“ಹತ್ತು ದಿನದಲ್ಲಿ ಸಿಬಿಲ್ ಏರಿಸಿಕೊಡ್ತೀವಿ, 5 ಸಾವಿರ ಕೊಡಿ” ಅನ್ನೋರಿಗೆ ಒಟಿಪಿ ಆಗಲಿ ಪ್ಯಾನ್ ಆಗಲಿ ಕೊಡಬೇಡಿ. ಸರಿಯಾದ ಮಾಹಿತಿಯನ್ನ ಅಳಿಸೋ ಅಧಿಕಾರ ಯಾವ ಏಜೆಂಟಿಗೂ ಇಲ್ಲ. ತಪ್ಪು ಮಾಹಿತಿ ಇದ್ರೆ ನೀವೇ ಪುಕ್ಕಟೆ ತಿದ್ದಿಸಬಹುದು, ಹುಬ್ಬಳ್ಳಿ ಅಕ್ಕ ಹೇಳಿದ್ದಾರಲ್ಲ. ನನ್ನ ಷಡ್ಡಕ ಒಬ್ಬ ಏಜೆಂಟನ್ನ ನಂಬಿ ದುಡ್ಡು ಕೊಟ್ಟ, ಆಮೇಲೆ ಅವನ ಪ್ಯಾನ್ ಮೇಲೆ ಹೊಸ ಸಾಲದ ಎನ್‌ಕ್ವೈರಿಗಳು ಕಾಣಿಸಿಕೊಂಡವು.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ರಿಪೋರ್ಟ್ ತೆಗೆದೆ. ತುಮಕೂರಿನ ಸರ್ ಹೇಳಿದ ಹಾಗೇ ಆ್ಯಪ್ ಸಾಲದ ಮುಂದೆ ‘ಸೆಟಲ್ಡ್’ ಅಂತಿದೆ, ಬಿಟ್ಟುಕೊಟ್ಟಿದ್ದು 4,200 ರೂಪಾಯಿ. ಇಷ್ಟಕ್ಕೇ ಇಷ್ಟೆಲ್ಲಾ ಆಗಿದೆ ಅಂತ ಗೊತ್ತೇ ಇರಲಿಲ್ಲ. ಎನ್‌ಬಿಎಫ್‌ಸಿಗೆ ಇಮೇಲ್ ಹಾಕಿದ್ದೀನಿ. ಈ ತಿಂಗಳ ಸಂಬಳ ಬಂದ ಮೇಲೆ ಎಫ್‌ಡಿ ಇಡ್ತೀನಿ. ಒಂದು ಸಂಶಯ: ಈ 4,200 ಕಟ್ಟಿದ ತಕ್ಷಣ ಸ್ಕೋರ್ ಏರುತ್ತಾ?

ತುಮಕೂರಿನಿಂದ

ತಕ್ಷಣ ಜಿಗಿಯಲ್ಲ. 2025ರ ಜನವರಿಯಿಂದ ಸಾಲ ಕೊಟ್ಟವರು ಹದಿನೈದು ದಿನಕ್ಕೊಮ್ಮೆಯಾದ್ರೂ ಸಿಬಿಲ್‌ನಂಥ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕು, ಹಾಗಾಗಿ ‘ಕ್ಲೋಸ್ಡ್’ ಅನ್ನೋದು ಬೇಗ ಕಾಣಿಸಬಹುದು. ಕಾಣದಿದ್ರೆ ನೋ ಡ್ಯೂಸ್ ಪತ್ರ ಹಚ್ಚಿ ಡಿಸ್ಪ್ಯೂಟ್ ಹಾಕಿ. ಹಳೇ ಚೌಕಗಳು ಹಾಗೇ ಇರ್ತವೆ, ಹೊಸ 000ಗಳು ಮುಂದೆ ಸೇರ್ತಾ ಹೋದ ಹಾಗೆ ಅವುಗಳ ಭಾರ ಕಡಿಮೆ ಆಗುತ್ತೆ. ಎಫ್‌ಡಿ ಕಾರ್ಡಿನಲ್ಲಿ ಒಂದು ವರ್ಷವಾದ್ರೂ ತಪ್ಪದೆ ಕಟ್ಟಿ, ಆಮೇಲೆ ನಿಮ್ಮ ಸಂಬಳ ಬರೋ ಬ್ಯಾಂಕಲ್ಲೇ ಮೊದಲು ಕೇಳಿ. ನಿಮ್ಮ ಖಾತೆಗೆ ತಿಂಗಳು ತಿಂಗಳು ದುಡ್ಡು ಬರೋದು ಅವರ ಕಣ್ಣೆದುರೇ ಇರುತ್ತೆ. ಎಜುಕೇಶನ್ ಲೋನಿಗೆ ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿದ್ರೆ ಅವರ ರಿಪೋರ್ಟನ್ನೂ ತೆಗೆಸಿ ನೋಡಿ, ಬಾಕಿಬಿದ್ದ ಆ ಕಂತುಗಳು ಅವರ ಹೆಸರಲ್ಲೂ ಬಿದ್ದಿರುತ್ತವೆ.