ಸೀರೆ ಕ್ಯಾಟಲಾಗ್ ಕೆಲಸಕ್ಕೆ ಮೀಡಿಯಂ ಫಾರ್ಮ್ಯಾಟ್: ಹ್ಯಾಸೆಲ್‌ಬ್ಲಾಡಾ, ಫ್ಯೂಜಿಯಾ?

ಜರಿಅಂಚು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸೀರೆ ಅಂಗಡಿಗಳಿಗೆ ಕ್ಯಾಟಲಾಗ್ ಫೋಟೋ ತೆಗೆಯುವುದು ನನ್ನ ಕೆಲಸ. ಒಂಬತ್ತು ವರ್ಷ ಆಯಿತು. ಸದ್ಯ ಕೈಯಲ್ಲಿ ಇರುವುದು 45 ಮೆಗಾಪಿಕ್ಸೆಲ್ ಫುಲ್ ಫ್ರೇಮ್, ಅಂದರೆ 35 ಎಂಎಂ ಫಿಲ್ಮಿನಷ್ಟೇ ಸೆನ್ಸರ್ ಇರುವ ಕ್ಯಾಮೆರಾ.

ತೊಂದರೆ ಏನೆಂದರೆ ಜರಿ. ಪೂರ್ತಿ ಸೀರೆ ಫ್ರೇಮಿಗೆ ಬರುವಷ್ಟು ಹಿಂದೆ ಹೋದರೆ ಅಂಚಿನ ಮೇಲೆ ಕಾಮನಬಿಲ್ಲಿನ ಹಾಗೆ ಬಣ್ಣದ ಗೆರೆಗಳು ಬರುತ್ತವೆ, ಅದೇ ಮೊಯ್ರೆ. ಒಂದೊಂದು ಫೋಟೋದಲ್ಲೂ ಕೂತು ಅದನ್ನು ಒರೆಸಬೇಕು. ಇತ್ತೀಚೆಗೆ ಅಂಗಡಿಯವರು ಇನ್ನೊಂದು ಕೇಳುತ್ತಿದ್ದಾರೆ: ಒಂದೇ ಫೋಟೋದಿಂದ ಆರಡಿ ಬ್ಯಾನರ್ರೂ ಆಗಬೇಕು, ಸೆರಗಿನ ಕ್ಲೋಸಪ್ಪೂ ಆಗಬೇಕು.

ಹಾಗಾಗಿ ಮೀಡಿಯಂ ಫಾರ್ಮ್ಯಾಟ್‌ಗೆ (ಫುಲ್ ಫ್ರೇಮಿಗಿಂತ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾ) ಹೋಗೋಣ ಅಂತ ದುಡ್ಡು ಕೂಡಿಡುತ್ತಿದ್ದೇನೆ. ಹ್ಯಾಸೆಲ್‌ಬ್ಲಾಡ್ ಎಕ್ಸ್2ಡಿ 2 ಮೇಲೆ ಮನಸ್ಸು. ಆದರೆ ಆ ಹೆಸರು ಈಗ ಡ್ರೋನ್ ಮೇಲೂ ಇದೆ, ಫೋನ್ ಮೇಲೂ ಇದೆ. ಕಂಪನಿ ಡ್ರೋನ್ ಮಾಡುವ ಡಿಜೆಐ ಕೈಗೆ ಹೋಗಿದೆ. ಇಷ್ಟು ದುಡ್ಡು ಹಾಕಿ ಎರಡು ಲೆನ್ಸ್ ತೆಗೆದುಕೊಂಡ ಮೇಲೆ ನಾಳೆ ಅವರು ಕ್ಯಾಮೆರಾ ಮಾಡುವುದನ್ನೇ ನಿಲ್ಲಿಸಿದರೆ? ಫ್ಯೂಜಿ ಜಿಎಫ್‌ಎಕ್ಸ್ ಜಾಸ್ತಿ ಭದ್ರವಾ? ಬಳಸಿದವರು ದಯವಿಟ್ಟು ಹೇಳಿ.

ಹಳೇನೆಗೆಟಿವ್

ನಿಮ್ಮ ಭಯ ನನಗೆ ಅರ್ಥ ಆಗುತ್ತದೆ. ಆದರೆ ಮೂರು ಬೇರೆ ಬೇರೆ ವಿಷಯ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ. ಕಂಪನಿ ಯಾರದು, ಹೆಸರು ಯಾರು ಹಾಕಿಕೊಳ್ಳುತ್ತಾರೆ, ಲೆನ್ಸ್ ಸೆನ್ಸರ್ ಯಾರು ಮಾಡುತ್ತಾರೆ. ಇವನ್ನು ಬಿಡಿಸಿ ನೋಡಿ.

ಹ್ಯಾಸೆಲ್‌ಬ್ಲಾಡ್ ಯಾವ ಕಾಲದಲ್ಲೂ ಎಲ್ಲವನ್ನೂ ಒಬ್ಬರೇ ಮಾಡಿದವರಲ್ಲ. 1969ರಲ್ಲಿ ಚಂದ್ರನ ಮೇಲೆ ಓಡಾಡಿದ ಕ್ಯಾಮೆರಾದ ಬಾಡಿ ಸ್ವೀಡನ್‌ನದು, ಮುಂದಿದ್ದ 60 ಎಂಎಂ ಬಯೋಗಾನ್ ಲೆನ್ಸ್ ಜರ್ಮನಿಯ ಝೈಸ್‌ನದು. 1998ರ ಎಕ್ಸ್‌ಪ್ಯಾನ್ ಫ್ಯೂಜಿ ಜೊತೆ ಸೇರಿ ಮಾಡಿದ್ದು, ಜಪಾನಿನಲ್ಲಿ ಅದೇ ಕ್ಯಾಮೆರಾ ಫ್ಯೂಜಿ ಹೆಸರಲ್ಲೇ ಮಾರಾಟ ಆಯಿತು. 2002ರ ಹೆಚ್1 ಕ್ಯಾಮೆರಾ ಕೂಡ ಫ್ಯೂಜಿ ಜೊತೆಗಿನದೇ, ಹೆಚ್ ಲೆನ್ಸ್‌ಗಳನ್ನು ತಯಾರಿಸಿದವರು ಅವರೇ. ಇವತ್ತು ನೀವು ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು ಅಂತ ಕೂತಿದ್ದೀರಲ್ಲ, ಅವರಿಬ್ಬರೂ ಒಂದು ಕಾಲದಲ್ಲಿ ಒಂದೇ ಒಲೆಯಲ್ಲಿ ಅಡುಗೆ ಮಾಡಿದವರು. ಅದರಿಂದ ಇವತ್ತಿಗೂ ಒಂದು ಉಪಯೋಗ ಇದೆ: ಹಳೆಯ ಹೆಚ್ ಲೆನ್ಸ್‌ಗಳನ್ನು ಜಿಎಫ್‌ಎಕ್ಸ್ ಬಾಡಿಯ ಮೇಲೆ ಕೂರಿಸುವ ಅಡಾಪ್ಟರ್ ಅನ್ನು ಫ್ಯೂಜಿಯೇ ಮಾಡಿದೆ. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು.

ಇನ್ನು ಡಿಜೆಐ. 2015ರಲ್ಲಿ ಸ್ವಲ್ಪ ಪಾಲು ತಗೊಂಡರು, 2017ರ ಹೊತ್ತಿಗೆ ದೊಡ್ಡ ಪಾಲು ಅವರದಾಯಿತು. ಆಗ ನಾನೂ ಇದು ಮುಗಿಯಿತು ಅಂದುಕೊಂಡಿದ್ದೆ. ಆದರೆ ಆಮೇಲೆ ಬಂದದ್ದನ್ನು ನೋಡಿ. 2022ರಲ್ಲಿ ಎಕ್ಸ್2ಡಿ, 100 ಮೆಗಾಪಿಕ್ಸೆಲ್, ಒಳಗೇ 1 ಟಿಬಿ ಎಸ್‌ಎಸ್‌ಡಿ. 2024ರ ಜನವರಿಯಲ್ಲಿ ಸಿಎಫ್‌ವಿ 100ಸಿ ಬ್ಯಾಕ್, ಅಂದರೆ ಕ್ಯಾಮೆರಾದ ಬೆನ್ನಿಗೆ ಹಾಕುವ ಡಿಜಿಟಲ್ ಸೆನ್ಸರ್ ಪೆಟ್ಟಿಗೆ. 2025ರ ಆಗಸ್ಟ್‌ನಲ್ಲಿ ಎಕ್ಸ್2ಡಿ 2, ಅದರಲ್ಲಿ ಫೋಕಸ್‌ಗೆ ಲೈಡಾರ್ (ಬೆಳಕಿನಿಂದ ದೂರ ಅಳೆಯುವ ಸಾಧನ) ಸೇರಿಸಿದ್ದಾರೆ, ಓಡಾಡುವವರನ್ನು ಹಿಂಬಾಲಿಸುವ ಫೋಕಸ್ಸೂ ಬಂತು. ಬೆಲೆ ಹಳೆಯದಕ್ಕಿಂತ ಇಳಿಯಿತು: ಹಳೆಯದು ಬಿಡುಗಡೆಯಾದಾಗ 8,199 ಡಾಲರ್, ಹೊಸದು 7,399. ಮುಚ್ಚಿಕೊಂಡು ಹೋಗುವ ಕಂಪನಿ ಹೀಗೆ ನಡೆದುಕೊಳ್ಳಲ್ಲ ಅನ್ನುವುದು ನನ್ನ ಅನಿಸಿಕೆ.

ಫೋನಿನ ಸಹವಾಸ ಬೇರೆ. 2021ರಲ್ಲಿ ಒನ್‌ಪ್ಲಸ್ ಜೊತೆ ಶುರುವಾಯಿತು, ಆಮೇಲೆ ಒಪ್ಪೋ. ಅಲ್ಲಿ ಮುಖ್ಯವಾಗಿ ಬಣ್ಣದ ಟ್ಯೂನಿಂಗ್ ಮತ್ತು ಹೆಸರು. ಫೋನಿನೊಳಗಿನ ಸೆನ್ಸರ್‌ಗೂ ಎಕ್ಸ್2ಡಿ ಸೆನ್ಸರ್‌ಗೂ ಸಂಬಂಧ ಇಲ್ಲ. ಅದನ್ನು ನೋಡಿ ಕ್ಯಾಮೆರಾ ಬಗ್ಗೆ ತೀರ್ಮಾನ ಮಾಡಬೇಡಿ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ.

ನನ್ನ ಹತ್ತಿರ 500ಸಿ/ಎಂ ಫಿಲ್ಮ್ ಬಾಡಿ ಇದೆ, ಅಪ್ಪ ಬಳಸುತ್ತಿದ್ದದ್ದು. ಆ ಸಿಎಫ್‌ವಿ 100ಸಿ ಬ್ಯಾಕ್ ಅದರ ಬೆನ್ನಿಗೆ ಕೂರುತ್ತದೆ. 1957ರಿಂದ ಬಂದ ವಿ ಸಿಸ್ಟಂ ಬಾಡಿಗಳಲ್ಲಿ ಹೆಚ್ಚಿನವಕ್ಕೆ ಹೊಂದುತ್ತದೆ. ಒಂದು ಸಾರಿ ಗೆಳೆಯರ ಬ್ಯಾಕ್ ಹಾಕಿ ನೋಡಿದೆ. ಅಪ್ಪನ 80 ಎಂಎಂ ಲೆನ್ಸಿನಲ್ಲಿ ತೆಗೆದ ಚಿತ್ರವನ್ನು ಹಿಂದಿನ ಪರದೆಯಲ್ಲಿ ನೋಡಿದಾಗ ಕಣ್ಣು ತುಂಬಿ ಬಂತು.

ಟೆದರ್‌ಕೇಬಲ್

ಮೇಲಿನವರು ಇತಿಹಾಸ ಚೆನ್ನಾಗಿ ಹೇಳಿದ್ದಾರೆ. ನಾನು ಸ್ಟುಡಿಯೋ ಲೆಕ್ಕ ಹೇಳುತ್ತೇನೆ.

ಎಕ್ಸ್2ಡಿ ಆಗಲಿ, ಫ್ಯೂಜಿಯ 100 ಸರಣಿ ಆಗಲಿ, ಸೆನ್ಸರ್ ಅಳತೆ ಒಂದೇ, 43.8 x 32.9 ಎಂಎಂ. ಫುಲ್ ಫ್ರೇಮಿಗಿಂತ ಸುಮಾರು 1.7 ಪಟ್ಟು ಜಾಗ. ಒಂದೊಂದು ಪಿಕ್ಸೆಲ್ 3.76 ಮೈಕ್ರಾನ್. 61 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾಗಳಲ್ಲೂ ಪಿಕ್ಸೆಲ್ ಅಷ್ಟೇ ದೊಡ್ಡದು. ಫೇಸ್ ವನ್ ಅನ್ನುವ ಇನ್ನೊಂದು ಕಂಪನಿಯ ಐಕ್ಯೂ4ನ 150 ಮೆಗಾಪಿಕ್ಸೆಲ್ ಬ್ಯಾಕಿನಲ್ಲೂ ಅಷ್ಟೇ, ಅದರ ಸೆನ್ಸರ್ ಮಾತ್ರ ಇನ್ನೂ ದೊಡ್ಡದು, 53.4 x 40 ಎಂಎಂ. ಬಟ್ಟೆಯ ನೇಯ್ಗೆ ಅದೇ, ಪಂಚೆ ದೊಡ್ಡದು, ಅಷ್ಟೇ.

100 ಅಂದರೆ 45ರ ಎರಡು ಪಟ್ಟಿಗಿಂತ ಜಾಸ್ತಿ ಅನಿಸುತ್ತದೆ ಅಲ್ವಾ. ಆದರೆ ಸೀರೆ ನಿಲ್ಲುವುದು ಫ್ರೇಮಿನ ಉದ್ದದಲ್ಲಿ. ಅಲ್ಲಿ ನಿಮ್ಮದು ಸುಮಾರು 8,200 ಪಿಕ್ಸೆಲ್, ಇದು 11,600 ಚಿಲ್ಲರೆ. 40 ಶೇಕಡಾ ಮೇಲೆ, ಎರಡು ಪಟ್ಟಲ್ಲ. ಮೊಯ್ರೆ ಕಡಿಮೆ ಆಗುತ್ತದೆ, ಆದರೆ ಪೂರ್ತಿ ಹೋಗಲ್ಲ. ಎಳೆಗಳ ಅಂತರ ಪಿಕ್ಸೆಲ್ ಅಂತರಕ್ಕೆ ಹತ್ತಿರ ಬಂದಾಗ ಅದು ಹುಟ್ಟುತ್ತದೆ. ಪಿಕ್ಸೆಲ್ ಜಾಸ್ತಿ ಆದರೆ ಅದು ಬೇರೆ ದೂರದಲ್ಲಿ, ಬೇರೆ ಬಟ್ಟೆಯಲ್ಲಿ ಹುಟ್ಟುತ್ತದೆ.

ಸುಮ್ನೆ ನೇತುಹಾಕಿದ ಸೀರೆಗೆ ಪಿಕ್ಸೆಲ್ ಶಿಫ್ಟ್ ಪ್ರಯತ್ನ ಮಾಡಿ. ಜಿಎಫ್‌ಎಕ್ಸ್ 100 ಸರಣಿಯ ಲೆನ್ಸ್ ಬದಲಿಸುವ ಬಾಡಿಗಳಲ್ಲಿ ಸೆನ್ಸರನ್ನು ಕೂದಲೆಳೆಯಷ್ಟೂ ಅಲ್ಲ, ಪಿಕ್ಸೆಲ್ ಅಳತೆಯಲ್ಲಿ ಸರಿಸಿ 16 ಫೋಟೋ ತೆಗೆಯುತ್ತದೆ, ಕಂಪ್ಯೂಟರಿನಲ್ಲಿ ಜೋಡಿಸಿದರೆ 400 ಮೆಗಾಪಿಕ್ಸೆಲ್. ಆ ಸುಳ್ಳು ಬಣ್ಣ ಹೋಗುತ್ತದೆ. ಆದರೆ ಫ್ಯಾನ್ ಆಫ್ ಇರಬೇಕು, ಪಕ್ಕದಲ್ಲಿ ಯಾರೂ ಓಡಾಡಬಾರದು, ಸೆರಗು ಒಂದು ಚೂರು ಅಲುಗಿದರೂ ಎಲ್ಲ ಹಾಳು. ನಿಮ್ಮ ಈಗಿನ ಬಾಡಿಯ ಮೆನುವಿನಲ್ಲೂ ಇದು ಇದೆಯಾ ಅಂತ ಮೊದಲು ನೋಡಿ, ಕೆಲವದರಲ್ಲಿ ಇದೆ.

ಮಾಡೆಲ್ ಉಟ್ಟುಕೊಂಡು ನಿಲ್ಲುವ ಕೆಲಸ ಇದ್ದರೆ ಶಟರ್ ವಿಷಯ ಮುಖ್ಯ. ಲೆನ್ಸ್ ಬದಲಿಸುವ ಫ್ಯೂಜಿ ಬಾಡಿಯಲ್ಲಿ ಸೆನ್ಸರ್ ಮುಂದೆಯೇ ಇರುವ ಫೋಕಲ್ ಪ್ಲೇನ್ ಶಟರ್, ಫ್ಲ್ಯಾಶ್ ಸಿಂಕ್ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ಶಟರ್ ವೇಗ) 1/125 ಸೆಕೆಂಡ್. ಹ್ಯಾಸೆಲ್‌ಬ್ಲಾಡ್‌ನಲ್ಲಿ ಶಟರ್ ಲೆನ್ಸಿನೊಳಗೇ ಇದೆ, ಯಾವ ಲೆನ್ಸ್ ಅನ್ನುವುದರ ಮೇಲೆ 1/2000, ಹೊಸ ಕೆಲವು ಲೆನ್ಸಿನಲ್ಲಿ 1/4000 ತನಕ ಫ್ಲ್ಯಾಶ್ ಹೊಡೆಯಬಹುದು. ಬಿಸಿಲಲ್ಲಿ, ಟೆರೇಸ್ ಮೇಲೆ ಕೆಲಸ ಮಾಡುವವರಿಗೆ ಇದೊಂದೇ ಸಾಕು ಕಾರಣ.

ಕೊನೆಗೆ ಸಾಫ್ಟ್‌ವೇರ್. ಕಂಪನಿಗಳ ಸ್ನೇಹ ಜಗಳ ನಮಗೆ ನಿಜವಾಗಿ ತಟ್ಟುವುದು ಇಲ್ಲೇ. ಫೋಟೋ ತಿದ್ದಲು ಬಳಸುವ ಕ್ಯಾಪ್ಚರ್ ವನ್ ಹುಟ್ಟಿದ್ದು ಫೇಸ್ ವನ್ ಮನೆಯಲ್ಲಿ, ಹಾಗಾಗಿ ಬಹಳ ವರ್ಷ ಎದುರಾಳಿಗಳ ಮೀಡಿಯಂ ಫಾರ್ಮ್ಯಾಟ್ ಫೈಲನ್ನು ಅದು ಮುಟ್ಟುತ್ತಿರಲಿಲ್ಲ. 2018ರಲ್ಲಿ ಜಿಎಫ್‌ಎಕ್ಸ್‌ಗೆ ಬಾಗಿಲು ತೆರೆಯಿತು. ಹ್ಯಾಸೆಲ್‌ಬ್ಲಾಡ್‌ಗೆ ಅವರದೇ ಫೋಕಸ್ (Phocus) ಅನ್ನುವ ಸಾಫ್ಟ್‌ವೇರ್ ಇದೆ, ಬಣ್ಣ ತುಂಬಾ ಚೆನ್ನ, ಆದರೆ ನಿಮ್ಮ ಅಸಿಸ್ಟೆಂಟ್ ಹೊಸದಾಗಿ ಕಲಿಯಬೇಕು. ಕೊಳ್ಳುವ ಮುಂಚೆ ನಿಮ್ಮ ಲ್ಯಾಪ್‌ಟಾಪಿಗೇ ಕೇಬಲ್ ಹಾಕಿ ಇಡೀ ದಿನ ಕೆಲಸ ಮಾಡಿ ನೋಡಿ. ಎಕ್ಸ್2ಡಿ ಒಂದು ರಾ ಫೈಲ್ ಸುಮಾರು 206 ಎಂಬಿ. ದಿನಕ್ಕೆ 400 ಫ್ರೇಮ್ ಅಂದರೆ 82 ಜಿಬಿ, ಬ್ಯಾಕಪ್ ಸೇರಿಸಿದರೆ ಅದರ ಎರಡರಷ್ಟು.

ಮಲೆನಾಡಕಣ್ಣು

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಕೂಡಿಟ್ಟ ದುಡ್ಡನ್ನೆಲ್ಲ ಕ್ಯಾಮೆರಾ ಬಾಡಿ ಮೇಲೆ ಸುರಿಯಬೇಡಿ.

ನಾನು ಮೂರು ವರ್ಷ ಮೀಡಿಯಂ ಫಾರ್ಮ್ಯಾಟ್ ಇಟ್ಟುಕೊಂಡಿದ್ದೆ, ಹೆಸರು ಬೇಡ. ಮದುವೆ ಸೀಸನ್ ಮುಂಚೆ ಒಂದು ಲೆನ್ಸಿನ ಶಟರ್ ಕೈಕೊಟ್ಟಿತು. ರಿಪೇರಿಗೆ ಹೊರದೇಶಕ್ಕೆ ಹೋಗಿ ವಾಪಸ್ ಬರಲು ಹನ್ನೊಂದು ವಾರ ಆಯಿತು. ಆ ಹನ್ನೊಂದು ವಾರವೂ ಇಎಂಐ ಕಟ್ಟಿದೆ. ಕೆಲಸ ಮಾಡಿದ್ದು ತಮ್ಮನ ಹಳೆಯ ಫುಲ್ ಫ್ರೇಮಿನಲ್ಲಿ, ಗಿರಾಕಿ ಒಬ್ಬರೂ ವ್ಯತ್ಯಾಸ ಕೇಳಲಿಲ್ಲ.

ಫುಲ್ ಫ್ರೇಮ್ ಒಡೆದರೆ ಸಂಜೆಯೊಳಗೆ ಬಾಡಿಗೆಗೆ ಇನ್ನೊಂದು ಸಿಗುತ್ತದೆ. ಇದಕ್ಕೆ ಹಾಗಿಲ್ಲ. ಎರಡನೇ ಬಾಡಿ ತಗೊಳ್ಳುವ ಶಕ್ತಿ ಇದೆಯಾ ಅಂತ ಕೇಳಿಕೊಳ್ಳಿ. ಇಲ್ಲ ಅಂದರೆ ದೊಡ್ಡ ಕೆಲಸಕ್ಕೆ ಮಾತ್ರ ಬಾಡಿಗೆಗೆ ತನ್ನಿ, ಬಿಲ್ಲಿನಲ್ಲಿ ಸೇರಿಸಿ. ಹೊಸದೇ ಬೇಕು ಅಂತಿದ್ದರೆ ಜಿಎಫ್‌ಎಕ್ಸ್ 100ಎಸ್ 2 ನೋಡಿ. 2024ರಲ್ಲಿ 4,999 ಡಾಲರ್‌ಗೆ ಬಂತು. 2019ರಲ್ಲಿ ಮೊದಲ ಜಿಎಫ್‌ಎಕ್ಸ್ 100ರ ಬೆಲೆ ಹತ್ತು ಸಾವಿರ ಇತ್ತು ಅನ್ನುವುದನ್ನು ನೆನಪಿಡಿ, ಐದು ವರ್ಷದಲ್ಲಿ ಅರ್ಧ. 100ಆರ್‌ಎಫ್ ಚಂದ ಇದೆ, 735 ಗ್ರಾಂ, ಆದರೆ ಲೆನ್ಸ್ ಬಿಚ್ಚಲು ಬರುವುದಿಲ್ಲ. ನಿಮ್ಮ ಕೆಲಸಕ್ಕೆ ಅದು ಆಗಿಬರಲ್ಲ.

ಜರಿಅಂಚು

ಎಲ್ಲರಿಗೂ ತುಂಬಾ ಧನ್ಯವಾದ. ಹೋದ ವಾರ 100ಎಸ್ 2 ಮತ್ತು 120 ಮ್ಯಾಕ್ರೋ (ಹತ್ತಿರದಿಂದ ತೆಗೆಯುವ) ಲೆನ್ಸ್ ಎರಡು ದಿನ ಬಾಡಿಗೆಗೆ ತಂದೆ.

ಮೊದಲು ಒಂದು ಇಳಕಲ್ ಸೀರೆ. ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಜಾಗ. ಪೂರ್ತಿ ಸೀರೆಯ ಫೋಟೋ ತೆಗೆದು, ಅದರಲ್ಲೇ ಸೆರಗಿನ ಕಡೆ ಜೂಮ್ ಮಾಡಿದೆ. ಎರಡು ಬಣ್ಣದ ಎಳೆ ಒಂದರೊಳಗೊಂದು ಸಿಕ್ಕಿಹಾಕಿಕೊಂಡು ನಿಂತಿರುವುದು ಒಂದೊಂದಾಗಿ ಕಾಣುತ್ತಿತ್ತು. ನನ್ನ ಕ್ಯಾಮೆರಾದಲ್ಲಿ ಅದು ಬರೀ ಒಂದು ಗೆರೆ. ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತುಬಿಟ್ಟೆ. ನೇಯ್ದವರಿಗೆ ಈ ಫೋಟೋ ತೋರಿಸಬೇಕು ಅನಿಸಿತು.

ಟೆದರ್‌ಕೇಬಲ್ ಅವರು ಹೇಳಿದ್ದು ಸರಿ. ಮೈಸೂರು ಸಿಲ್ಕಿನ ಅಂಚಿನಲ್ಲಿ ಮೊಯ್ರೆ ಹೋಯಿತು, ಆದರೆ ಅದುವರೆಗೆ ಏನೂ ತೊಂದರೆ ಕೊಡದ ಒಂದು ಟಿಶ್ಯೂ ಸೀರೆಯಲ್ಲಿ ಬಂತು. ಪಿಕ್ಸೆಲ್ ಶಿಫ್ಟ್ ಮೂರನೇ ಸಾರಿಗೆ ಸರಿಯಾಯಿತು. ಮೊದಲ ಎರಡು ಸಾರಿ ಕೆಳಗಡೆ ಲಾರಿ ಹೋಯಿತು.

ಸದ್ಯಕ್ಕೆ ಕೊಳ್ಳುತ್ತಿಲ್ಲ. ತಿಂಗಳಿಗೆ ಎರಡು ದಿನ ಬಾಡಿಗೆಗೆ ತಂದು ಬ್ಯಾನರ್ ಕೆಲಸ ಅದರಲ್ಲೇ ಮಾಡುತ್ತೇನೆ. ಆದರೆ ಎಕ್ಸ್2ಡಿ 2ರ ಬಣ್ಣ ನೋಡದೆ ಮನಸ್ಸು ಒಪ್ಪುತ್ತಿಲ್ಲ. ಬಾಡಿಗೆಗೆ ಎಲ್ಲೂ ಸಿಗಲಿಲ್ಲ. ಯಾರ ಹತ್ತಿರವಾದರೂ ಇದೆಯಾ?

ಟೆದರ್‌ಕೇಬಲ್

ನನ್ನ ಹತ್ತಿರ ಇದೆ. ಶನಿವಾರ ಸ್ಟುಡಿಯೋ ಖಾಲಿ. ಆ ಇಳಕಲ್ ಸೀರೆ, ಟಿಶ್ಯೂ ಸೀರೆ ಎರಡೂ ತನ್ನಿ, ನಿಮ್ಮ ಲ್ಯಾಪ್‌ಟಾಪ್ ಮರೀಬೇಡಿ. ಇಸ್ತ್ರಿ ಪೆಟ್ಟಿಗೆ ಇಲ್ಲೇ ಇದೆ. ಪರ್ಸನಲ್ ಮೆಸೇಜಿನಲ್ಲಿ ವಿಳಾಸ ಕಳಿಸಿದ್ದೇನೆ.