ಅಪ್‌ಡೇಟ್: ಟೆಸ್ಟೋಸ್ಟೆರಾನ್ ನಿಲ್ಲಿಸಿ ಒಂಬತ್ತು ತಿಂಗಳು

ಲೈಂಗಿಕ ಆಸಕ್ತಿ, ನಿಮಿರುವಿಕೆ ಕಡಿಮೆಯಾಗಿ ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನ್) ಇಂಜೆಕ್ಷನ್ ತಗೊಳ್ಳುತ್ತಿದ್ದೇನೆ, ಮಗುವೂ ಬೇಕು, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಪರೀಕ್ಷೆ ಮಾಡಿಸಿದರೆ ವೀರ್ಯಾಣು ಸೊನ್ನೆ! ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆಗಳ ತಜ್ಞರು) ಬಿಡಿಸಿ ಹೇಳಿದರು: ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ, ವೃಷಣಕ್ಕೆ ಕೆಲಸ ಮಾಡು ಅಂತ ಹೇಳುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನ್‌ಗಳನ್ನು ಕಳಿಸುವುದನ್ನೇ ಬಿಡುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ತುಂಬಿದ್ದರೂ ವೃಷಣದೊಳಗೆ ಅದಕ್ಕೆ ಬರಗಾಲ, ಅದಕ್ಕೇ ವೀರ್ಯಾಣು ತಯಾರಾಗುವುದಿಲ್ಲ. ಮೊದಲು ಬರೆದುಕೊಟ್ಟವರು ಇದನ್ನು ಹೇಳಲೇ ಇಲ್ಲ, ಅದೇ ಸಿಟ್ಟು.

ಅವರು ಹೇಳಿದಂತೆ ಇಂಜೆಕ್ಷನ್ ನಿಲ್ಲಿಸಿ ಎಚ್‌ಸಿಜಿ (ಎಲ್‌ಎಚ್‌ನಂತೆ ಕೆಲಸ ಮಾಡುವ ಹಾರ್ಮೋನ್), ಆಮೇಲೆ ಕ್ಲೋಮಿಫೀನ್ (ಪಿಟ್ಯುಟರಿಯನ್ನು ಮತ್ತೆ ಎಬ್ಬಿಸುವ ಮಾತ್ರೆ) ಶುರು ಮಾಡಿದೆ. ಮೊದಲೆರಡು ತಿಂಗಳು ಬರೀ ಸುಸ್ತು, ಆಸಕ್ತಿ ಪೂರ್ತಿ ಮಾಯ. ಹೆಂಡತಿಯ ತಾಳ್ಮೆ ದೊಡ್ಡದು. ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕಂತೆ. ಮೂರನೇ ತಿಂಗಳೂ ಸೊನ್ನೆ. ಆರಕ್ಕೆ ಮಿಲಿಲೀಟರಿಗೆ 40 ಲಕ್ಷ. ಮೊನ್ನೆ 1 ಕೋಟಿ 80 ಲಕ್ಷ! ನಿಮಿರುವಿಕೆಗೆ ಸದ್ಯ ಡಾಕ್ಟರ್ ಕೊಟ್ಟ ಟಡಾಲಫಿಲ್ ಸಾಕಾಗಿದೆ. ಮುಂದಿನ ವಾರ ವೀರ್ಯದ ಸ್ಯಾಂಪಲ್ ಫ್ರೀಜ್ ಮಾಡಿಸುತ್ತೇವೆ.